ಹಳೆಯ ಪತ್ರಿಕೆಗಳಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಚರಿತ್ರೆಯನ್ನು ಓದುವ ಬಗೆ

ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಕುಳಿತು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಚರಿತ್ರೆಯನ್ನು ಮೂಲ ವರದಿಗಳಿಂದಲೇ ಅಭ್ಯಾಸ ಮಾಡಲು ಇಂದು ಅಡ್ಡಿಯಿಲ್ಲ. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 1963ರವರೆಗಿನ ಪತ್ರಿಕೆಗಳ ಲಕ್ಷಾಂತರ ಪುಟಗಳನ್ನು ‘ಕ್ರಾನಿಕ್ಲಿಂಗ್ ಅಮೆರಿಕ’ ಎಂಬ ಸಂಗ್ರಹದಲ್ಲಿ ಉಚಿತವಾಗಿ ಓದಲು ಕೊಟ್ಟಿದೆ. ಆದರೆ ಇಡೀ ಚರಿತ್ರೆಗೆ ಒಮ್ಮೆಲೇ ಕೈಹಾಕಬಾರದು. ಒಂದೇ ಒಂದು ಪಂದ್ಯವನ್ನು ಆರಿಸಿಕೊಳ್ಳಬೇಕು.

ಉದಾಹರಣೆಗೆ, 1896ರ ಏಪ್ರಿಲ್ 4ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರ ನಡುವೆ ನಡೆದ ಪಂದ್ಯವನ್ನು ತೆಗೆದುಕೊಳ್ಳಿ. ತಂಡಕ್ಕೆ ಒಂಬತ್ತು ಮಂದಿ ಆಡಿದ ಆ ಪಂದ್ಯವನ್ನು ಸ್ಟ್ಯಾನ್‌ಫರ್ಡ್ 2–1ರಿಂದ ಗೆದ್ದಿತು. ಪುರುಷರಿಗೆ ಒಳಗೆ ಪ್ರವೇಶವಿರಲಿಲ್ಲವಾದ್ದರಿಂದ ವರದಿ ಮಾಡಲು ಪತ್ರಿಕೆಗಳು ಮಹಿಳೆಯರನ್ನೇ ಕಳುಹಿಸಬೇಕಾಯಿತು. ಅದೇ ಊರಿನ ‘ಕಾಲ್’ ಪತ್ರಿಕೆಯ ಮರುದಿನದ ಸಂಚಿಕೆಯನ್ನು ತೆರೆದು, ಆಟಕ್ಕೆ ಎಷ್ಟು ಸಾಲು, ಉಡುಪಿಗೂ ಪ್ರೇಕ್ಷಕರಿಗೂ ಎಷ್ಟು ಸಾಲು ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಆ ಕಾಲದ ಸಮಾಜ ಹೆಣ್ಣುಮಕ್ಕಳ ಆಟದಲ್ಲಿ ಏನನ್ನು ನೋಡಲು ಬಯಸಿತ್ತೆಂಬುದು, ನನ್ನ ಮಟ್ಟಿಗೆ, ಅಂಕಗಳಿಗಿಂತಲೂ ದೊಡ್ಡ ಸಂಗತಿ.

ಹುಡುಕುವಾಗ ಆಟದ ಹೆಸರನ್ನು ಎರಡು ಪದಗಳಾಗಿ ಬಿಡಿಸಿಯೂ ಕೊಡಬೇಕು, ಏಕೆಂದರೆ ಆಗ ಹಾಗೆಯೇ ಅಚ್ಚಾಗುತ್ತಿತ್ತು. ಮಸುಕಾದ ಅಚ್ಚನ್ನು ಅಕ್ಷರ ಗುರುತಿಸುವ ಗಣಕಯಂತ್ರ ತಪ್ಪಾಗಿ ಓದಿರುವುದುಂಟು. ಏನೂ ಸಿಗದಿದ್ದರೆ ಪಂದ್ಯದ ಮರುದಿನದ ಪುಟಗಳನ್ನು ಒಂದೊಂದಾಗಿ ಕಣ್ಣಾರೆ ನೋಡುವುದೇ ದಾರಿ. ಗೆದ್ದವರ ಊರಿನ ಪತ್ರಿಕೆಯ ಜೊತೆಗೆ ಸೋತವರ ಊರಿನ ಪತ್ರಿಕೆಯನ್ನೂ ಓದದೆ ಒಂದು ಸಾಲನ್ನೂ ಬರೆಯಬಾರದು.

ಅಂಕಗಳನ್ನು ಆಯಾ ವರ್ಷದ ನಿಯಮದೊಂದಿಗೆ ಇಟ್ಟು ನೋಡಬೇಕು. 1936ರ ಡಿಸೆಂಬರ್ 30ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹೆಸರಾಂತ ಆಟಗಾರ ಹ್ಯಾಂಕ್ ಲುಯಿಸೆಟ್ಟಿಯ ಸ್ಟ್ಯಾನ್‌ಫರ್ಡ್ ತಂಡವು ಲಾಂಗ್ ಐಲ್ಯಾಂಡ್ ವಿಶ್ವವಿದ್ಯಾಲಯವನ್ನು 45–31ರಿಂದ ಸೋಲಿಸಿ, ಸತತ 43 ಗೆಲುವುಗಳ ಅದರ ಓಟವನ್ನು ನಿಲ್ಲಿಸಿತು. ಪ್ರತಿ ಬುಟ್ಟಿಯ ನಂತರವೂ ಚೆಂಡನ್ನು ನಡುವೃತ್ತಕ್ಕೆ ಒಯ್ದು ಮೇಲೆಸೆಯುವ ಪದ್ಧತಿ ಆಗ ಇನ್ನೂ ಇತ್ತು. ಅದು ಹೋದದ್ದು 1937–38ರ ಋತುವಿನಲ್ಲಿ. ಇದು ತಿಳಿಯದಿದ್ದರೆ ಆ ಅಂಕಗಳು ಇಂದಿನ ಓದುಗನಿಗೆ ಬಡಕಲಾಗಿ ತೋರುತ್ತವೆ.

ವರದಿ ಬರೆದವರು ಯಾರೆಂಬುದನ್ನೂ ವಿಚಾರಿಸಬೇಕು. 1934ರಿಂದ ಅದೇ ಗಾರ್ಡನ್‌ನಲ್ಲಿ ಕಾಲೇಜು ಪಂದ್ಯಗಳನ್ನು ಏರ್ಪಡಿಸಿ ಸಾವಿರಾರು ಜನರನ್ನು ಸೆಳೆದ ನೆಡ್ ಐರಿಷ್ ಸ್ವತಃ ಕ್ರೀಡಾ ವರದಿಗಾರರಾಗಿದ್ದವರು. 1951ರಲ್ಲಿ ಜೂಜುಕೋರರಿಂದ ಹಣ ಪಡೆದು ಬೇಕೆಂದೇ ತಮ್ಮ ತಂಡದ ಅಂಕ ತಗ್ಗಿಸಿದ ಆಟಗಾರರ ಬಂಧನವಾದಾಗ ಸುದ್ದಿ ಕ್ರೀಡಾಪುಟದಿಂದ ಮುಖಪುಟಕ್ಕೆ ಬಂತು. ಆ ವರ್ಷವನ್ನು ಓದುವವರು ಎರಡೂ ಪುಟಗಳನ್ನು ನೋಡಲೇಬೇಕು.

ಇದೇ ಕ್ರಮದಲ್ಲಿ ನಮ್ಮ ಜಿಲ್ಲೆಯ ಕಾಲೇಜು ಆಟಗಳನ್ನೂ ಅಭ್ಯಾಸ ಮಾಡಬಹುದು, ಮಾಡಲೇಬೇಕು. ಮಡಿಕೇರಿಯ ‘ಶಕ್ತಿ’ ದಿನಪತ್ರಿಕೆ 1957ರಲ್ಲಿ ಆರಂಭವಾಯಿತು. ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1980ರಲ್ಲಿ, ಅದಕ್ಕೆ ಮೊದಲು ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆದ್ದರಿಂದ ಅದಕ್ಕೆ ಹಿಂದಿನ ಅಂತರ ಕಾಲೇಜು ಪಂದ್ಯಗಳ ಸುದ್ದಿಯನ್ನು ಮೈಸೂರಿನ ಪತ್ರಿಕೆಗಳಲ್ಲಿ, ನಂತರದ್ದನ್ನು ಮಂಗಳೂರಿನ ಪತ್ರಿಕೆಗಳಲ್ಲಿ ಅರಸಬೇಕು. ಇಂಗ್ಲಿಷ್ ಪತ್ರಿಕೆಗಳಾದರೆ ‘ಮರ್ಕೆರಾ’, ‘ಕೂರ್ಗ್’ ಎಂಬ ಹಳೆಯ ಹೆಸರುಗಳಿಂದಲೂ ಹುಡುಕಬೇಕು. ಕೊಡವ ಆಟಗಾರರ ಮನೆಹೆಸರು ಇನಿಷಿಯಲ್‌ನಲ್ಲಿ ಅಡಗಿರುತ್ತದೆ, ಹಾಕಿಯ ಎಂ.ಪಿ. ಗಣೇಶ್ ಅವರ ‘ಎಂ’ ಮೊಳ್ಳೇರ ಎಂಬುದು ಇಲ್ಲಿಯವರಿಗೆ ಗೊತ್ತು, ಹೊರಗಿನವರಿಗೆ ಗೊತ್ತಿರುವುದಿಲ್ಲ. ಒಂದೇ ಇನಿಷಿಯಲ್ ಹಲವು ಒಕ್ಕಗಳಿಗೆ, ಅಂದರೆ ಕೊಡವ ಮನೆತನಗಳಿಗೆ, ಹೊಂದುವುದರಿಂದ, ಊಹಿಸದೆ ಆ ಮನೆಯ ಹಿರಿಯರನ್ನು ಕೇಳಿಯೇ ಬಿಡಿಸಿ ಬರೆಯಿರಿ.

ಮನೆಯ ಅಟ್ಟದಲ್ಲಿ ಹಳೆಯ ಕಟ್ಟುಗಳು ಸಿಕ್ಕರೆ ಮಳೆಗಾಲದಲ್ಲಿ ಬಿಚ್ಚಬೇಡಿ. ಜೂನ್, ಜುಲೈ ತಿಂಗಳ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಎಳೆದರೆ ಮಡಿಕೆಯ ಗುಂಟ ಹರಿಯುತ್ತವೆ. ಜನವರಿಯ ಒಣ ಹವೆಯಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ ಮೇಜಿನ ಮೇಲೆ ಹರಡಿ, ಬೆರಳಿಗೆ ಎಂಜಲು ಹಚ್ಚದೆ ತಿರುವಿ, ಹರಿದಲ್ಲಿ ಸೆಲ್ಲೋಟೇಪ್ ಅಂಟಿಸದೆ ಹಾಗೆಯೇ ಬಿಡಿ. ಫೋಟೋ ತೆಗೆಯುವಾಗ ಮೊದಲು ಪತ್ರಿಕೆಯ ಹೆಸರು ಮತ್ತು ದಿನಾಂಕವಿರುವ ತಲೆಭಾಗವನ್ನು, ಆಮೇಲೆ ಇಡೀ ಪುಟವನ್ನು, ಕೊನೆಗೆ ನಿಮಗೆ ಬೇಕಾದ ಸುದ್ದಿಯನ್ನು ತೆಗೆಯಿರಿ.