ಲದ್ದಿಯೋ ಹಿಕ್ಕೆಯೋ: ಹೊಲದಲ್ಲಿ ಕಂಡದ್ದಕ್ಕೆ ಸರಿಯಾದ ಹೆಸರು

ತಮಿಳುನಾಡಿನ ತಾಳವಾಡಿ ಕಡೆಯ ಹೊಲಗಳಿಗೆ ಸತ್ಯಮಂಗಲ ಹುಲಿ ಮೀಸಲಿನ ಕಾಡು ಒತ್ತಿಕೊಂಡೇ ಇದೆ. ಬೆಳಗ್ಗೆ ಬದುವಿನಲ್ಲಿ ‘ಏನೋ ಗುರುತು ಬಿದ್ದಿದೆ’ ಎಂದರೆ ಕಾವಲಿನವರಿಗೆ ಏನೂ ತಿಳಿಯುವುದಿಲ್ಲ. ಒಂದೊಂದು ಗುರುತಿಗೂ ನಮ್ಮಲ್ಲಿ ಬೇರೆ ಮಾತಿದೆ. ಸರಿಯಾದ ಮಾತು ಆಡಿದರೆ ಅರ್ಧ ಪ್ರಾಣಿ ಗೊತ್ತಾದ ಹಾಗೆ.

ಆನೆಯದು ಲದ್ದಿ. ದನ, ಕಾಟಿಯದು (ಕಾಡೆಮ್ಮೆಯದು) ಸಗಣಿ. ಜಿಂಕೆ, ಕಡವೆ, ಮೊಲದ್ದು ಹಿಕ್ಕೆ; ಮೊಲದ ಹಿಕ್ಕೆ ಗುಂಡಗೆ ಚಪ್ಪಟೆ, ಜಿಂಕೆಯದಕ್ಕೆ ಒಂದು ತುದಿ ಚೂಪು. ಹುಲಿ, ಚಿರತೆಯದನ್ನು ಮಲ ಎಂದೇ ಹೇಳಿ; ಕಡ್ಡಿಯಿಂದ ಬಿಡಿಸಿದರೆ ಕೂದಲು, ಮೂಳೆಚೂರು ಸಿಗುತ್ತವೆ. ಗೆದ್ದಲಿನ ತಲೆ, ಹಣ್ಣಿನ ಬೀಜ ತುಂಬಿದ್ದರೆ ಕರಡಿ.

ಕಾಲಿನ ಗುರುತಿನಲ್ಲಿ ಮೊದಲು ನೋಡಬೇಕಾದ್ದು ಗೊರಸೋ ಪಂಜವೋ ಎಂದು. ಸೀಳುಗೊರಸಿನ ಹಿಂದೆ ಎರಡು ಚುಕ್ಕೆ ಒತ್ತಿದ್ದರೆ ಹಂದಿ. ಆದರೆ ಆಳದ ಕೆಸರಿನಲ್ಲಿ ಕಡವೆಯದೂ ಹಾಗೇ ಬೀಳುತ್ತದೆ. ಆಗ ಪಕ್ಕದ ಮಣ್ಣನ್ನು ಮೂತಿಯಿಂದ ಉತ್ತಿದೆಯೇ ನೋಡಿ. ಪಂಜದ ಮುಂದೆ ಉಗುರು ಚುಚ್ಚಿದ್ದರೆ ನಾಯಿ, ಸೀಳುನಾಯಿ. ಹುಲಿ, ಚಿರತೆ ಉಗುರು ಒಳಗೆಳೆದುಕೊಂಡು ನಡೆಯುತ್ತವೆ, ಜಾರಿದಾಗ ಮಾತ್ರ ಚಾಚುತ್ತವೆ. ಅಗಲ 10 ಸೆಂ.ಮೀ. ದಾಟಿದರೆ ಚಿರತೆ ಎನ್ನುವುದು ಕಷ್ಟ. ಚಿಕ್ಕದೆಂದು ಚಿರತೆ ಅಂದುಬಿಡಬೇಡಿ, ಹುಲಿಮರಿಯದೂ ಅಷ್ಟೇ ಇರುತ್ತದೆ. ಪೊದೆಯ ಬಳಿ ಬಾಸ್ಮತಿ ಅನ್ನದ ಘಮ ಬಂದರೆ ಹಸಿವಾಗಿದೆ ಎಂದುಕೊಳ್ಳಬೇಡಿ. ಹುಲಿ, ಚಿರತೆ ಗಡಿ ಗುರುತಿಸಲು ಚಿಮ್ಮಿಸುವುದು ಹಾಗೆಯೇ ನಾರುತ್ತದೆ.

ಆನೆಯ ಎತ್ತರ ಅಳೆಯಲು ಒಂದು ದಾರ ಸಾಕು. ಮುಂಗಾಲಿನ ಗುರುತು ದುಂಡಗೆ, ಹಿಂಗಾಲಿನದು ಉದ್ದಕ್ಕೆ ಮೊಟ್ಟೆಯಂತೆ. ದುಂಡಗಿನದರ ಅಂಚಿಗೆ ದಾರ ಸುತ್ತಿ ಅಳೆದು ಎರಡರಷ್ಟು ಮಾಡಿ: 130 ಸೆಂ.ಮೀ. ಬಂದರೆ ಭುಜದ ಎತ್ತರ ಸುಮಾರು 260. ತಪ್ಪುವುದೂ ಇಲ್ಲೇ. ಹಿಂಗಾಲು ಹೆಚ್ಚಾಗಿ ಮುಂಗಾಲಿನ ಗುರುತಿನ ಮೇಲೆಯೇ ಬಿದ್ದು ಅಂಚನ್ನು ಕೆಡಿಸುತ್ತದೆ. ನೀರು ಹಾಯಿಸಿದ ಬಾಳೆತೋಟದಲ್ಲಿ ಕಾಲು ಜಾರಿ ಅಳತೆ ಹಿಗ್ಗುತ್ತದೆ. ಗಟ್ಟಿ ನೆಲದ ಮೇಲಿನ ತೆಳು ಧೂಳಿನಲ್ಲಿ, ಹಿಂಗಾಲು ಮೇಲೆ ಬೀಳದ ಮುಂಗಾಲಿನ ಮೂರು ಗುರುತು ಅಳೆದು ನೋಡಿ.

ಹೊರಳುಗುಂಡಿಯ ಪಕ್ಕದ ಮರಕ್ಕೆ ಮೆತ್ತಿದ ಕೆಸರು ತೊಡೆಯೆತ್ತರದೊಳಗಿದ್ದರೆ ಹಂದಿ, ತಲೆಗಿಂತ ಮೇಲಿದ್ದರೆ ಆನೆ. ನೆಲದ ಮೇಲಿನದು ಕೆರೆತ, ತೊಗಟೆಯ ಮೇಲಿನದು ಗೀರು, ಸಾಲಾಗಿ ಮುಂದೆ ಸಾಗಿದ್ದು ಜಾಡು.

ಹಳೆಯದೋ ಹೊಸದೋ? ಗುರುತಿನ ಮೇಲೆ ಜೇಡನ ಎಳೆಯಿದ್ದರೆ, ಮಳೆಹನಿಯ ಕುಳಿಯಿದ್ದರೆ ಹೊಸದಲ್ಲ. ಬಿಸಿಲು ಏರುವ ಮೊದಲೇ ನೋಡಿ; ಓರೆ ಬೆಳಕಿನಲ್ಲಿ ಅಂಚು ಎದ್ದು ಕಾಣುತ್ತದೆ. ಅಳತೆ ತಿಳಿಯಲು ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು, ನೇರ ಮೇಲಿನಿಂದ ಫೋಟೊ ತೆಗೆಯಿರಿ.

ಫೋನಿನಲ್ಲಿ ಹೇಳುವಾಗ ಇಷ್ಟು ಸಾಕು: “ಬಾಳೆತೋಟದ ಮೂಡಲ ಬದು, ಆನೆ ಒಂದೇ, ಮುಂಗಾಲು ಸುತ್ತಳತೆ 130, ಲದ್ದಿ ಬಿಸಿ ಇದೆ, ಜಾಡು ಹಳ್ಳದ ಕಡೆಗೆ.” ಲದ್ದಿ ಬಿಸಿಯಿದ್ದರೆ ಆ ಜಾಡು ಹಿಡಿದು ಹೋಗಬೇಡಿ.