ಕೂಸು ಮೊದಲ ದಿನ ಕಕ್ಕ ಮಾಡದಿದ್ದರೆ

ಕೂಸು ಹುಟ್ಟಿದ ಕೂಡಲೇ ಎಲ್ಲರೂ ತೂಕ ಕೇಳುತ್ತಾರೆ. ರಾಯಚೂರಿನಲ್ಲಿ ನವಜಾತ ಶಿಶುಗಳ ವಾರ್ಡಿನ ನರ್ಸ್ ಆದ ನಾನು ಕೇಳುವುದು ಬೇರೆ: ಕಪ್ಪು ಕಕ್ಕ ಯಾವಾಗ ಹೋಯಿತು? ಆ ಸಮಯವನ್ನು ತಾಯಿ ಕಾರ್ಡಿನ ಮೇಲೆ ಬರೆದಿಡಿ. ತಿಂಗಳು ತುಂಬಿ ಹುಟ್ಟಿದ ಕೂಸುಗಳಲ್ಲಿ ಬಹುತೇಕ ಎಲ್ಲವೂ 24 ಗಂಟೆಯೊಳಗೆ, ತಡವಾದರೆ 48 ಗಂಟೆಯೊಳಗೆ ಆ ಅಂಟಂಟು ಮಲ ಹಾಕುತ್ತವೆ. ಹಾಕಿಲ್ಲ, ಹೊಟ್ಟೆ ಉಬ್ಬಿದೆ, ಹಾಲು ಬೇಡ ಅಂತಿದೆ ಅಂದರೆ ಕಾಯಬೇಡಿ. ಹಸಿರು ವಾಂತಿಯಾದರಂತೂ ಅದೊಂದೇ ಸಾಕು, ತಕ್ಷಣ ಆಸ್ಪತ್ರೆಗೆ ಓಡಿ.

ಲಿಂಗಸುಗೂರು ಕಡೆಯ ಅಜ್ಜಿಯೊಬ್ಬರು ನನಗೆ ಹೇಳಿದ್ದರು: "ಎಲಿ ತೊಟ್ಟಿಗೆ ಹರಳೆಣ್ಣಿ ಹಚ್ಚಿ ಇಟ್ಟೀನ್ರಿ ಸಿಸ್ಟರ್, ಬುಸ್ ಅಂತ ಗಾಳಿ ಸಮೇತ ಹೋತು. ಹೊಟ್ಟಿ ಇಳೀತು, ಮತ್ತ ಉಬ್ಬೈತಿ." ಆ ಬುಸ್ ಅಂದದ್ದೇ ದೊಡ್ಡ ಸುಳಿವು. ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಆದರೆ ತೊಟ್ಟು, ಸೋಪಿನ ತುಂಡು ಇಡಬೇಡಿ. ಕರುಳಿಗೆ ಗಾಯವಾಗುತ್ತದೆ.

ಇದು ಹಿರ್ಷ್‌ಸ್ಪ್ರಂಗ್ ಕಾಯಿಲೆ ಇರಬಹುದು. ಸುಮಾರು 5000 ಕೂಸುಗಳಲ್ಲಿ ಒಂದಕ್ಕೆ ಬರುತ್ತದೆ, ಗಂಡು ಕೂಸುಗಳಿಗೆ ಜಾಸ್ತಿ. ಗರ್ಭದಲ್ಲಿ ನರಕೋಶಗಳು ಕರುಳಿನ ಮೇಲಿನಿಂದ ಗುದದವರೆಗೆ ಇಳಿದು ಬರಬೇಕು. ಎಡದಂಡೆ ಕಾಲುವೆಯ ಕೊನೇ ಹೊಲಕ್ಕೆ ನೀರು ಮುಟ್ಟದ ಹಾಗೆ, ಇಲ್ಲಿ ಅವು ಕೊನೆ ಮುಟ್ಟುವುದಿಲ್ಲ. ಆ ಭಾಗ ಬಿಗಿಯಾಗೇ ಉಳಿಯುತ್ತದೆ, ಅದರ ಮೇಲಿನ ಕರುಳು ಉಬ್ಬುತ್ತದೆ. ಬಾಣಂತಿ ಏನೋ ತಿಂದಳು ಅಂತ ಯಾರೂ ಅವಳನ್ನು ಅನ್ನಬೇಡಿ. ಅವಳ ತಪ್ಪು ಇದರಲ್ಲಿ ಒಂದಿಷ್ಟೂ ಇಲ್ಲ.

ಮೊದಲು ಹೊಟ್ಟೆಯ ಎಕ್ಸ್‌ರೇ. ಆಮೇಲೆ ಗುದದಿಂದ ಬಣ್ಣದ ಔಷಧಿ ಬಿಟ್ಟು ಮತ್ತೆ ಎಕ್ಸ್‌ರೇ. ಕಿರಿದಾದ ಕರುಳು ಒಮ್ಮೆಲೇ ಅಗಲವಾಗುವ ಜಾಗ ಅದರಲ್ಲಿ ಕಾಣಬೇಕು. ಅದಕ್ಕೇ ಈ ಪರೀಕ್ಷೆಗೆ ಮುಂಚೆ ಎನಿಮಾ ಕೊಡಿಸಬೇಡಿ, ಚಿತ್ರ ಕೆಡುತ್ತದೆ. ಖಚಿತವಾಗುವುದು ಮಾತ್ರ ಬಯಾಪ್ಸಿಯಿಂದ. ಗುದದ ಒಳಗಿನಿಂದ ಅಕ್ಕಿನುಚ್ಚಿನಷ್ಟು ತುಣುಕು ತೆಗೆಯುತ್ತಾರೆ. ಎಳೆ ಕೂಸಿಗೆ ಸಾಮಾನ್ಯವಾಗಿ ಹೊಲಿಗೆ ಬೇಕಿಲ್ಲ, ಆ ಜಾಗದಲ್ಲಿ ನೋವೂ ತಿಳಿಯುವುದಿಲ್ಲ. ತುಣುಕು ಸಾಲದಿದ್ದರೆ ಇನ್ನೊಮ್ಮೆ ತೆಗೆಯಬಹುದು, ಗಾಬರಿ ಬೇಡ.

ಮಕ್ಕಳ ಸರ್ಜನ್ ಎಲ್ಲಾ ಊರಲ್ಲೂ ಇರುವುದಿಲ್ಲ. ದೊಡ್ಡ ಆಸ್ಪತ್ರೆಗೆ ಹೊರಡುವಾಗ ಡ್ರಿಪ್, ಮೂಗಿನ ಟ್ಯೂಬ್ ಹಾಕಿಸಿಕೊಂಡೇ ಹೊರಡಿ, ಕೂಸನ್ನು ಬೆಚ್ಚಗೆ ಸುತ್ತಿ. ರೆಫರಲ್ ಪತ್ರ, ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ.

ಆಪರೇಷನ್‌ನಲ್ಲಿ ನರಕೋಶ ಇಲ್ಲದ ಕರುಳನ್ನು ತೆಗೆದು, ಚೆನ್ನಾಗಿರುವ ಕರುಳನ್ನು ಕೆಳಗೆಳೆದು ಗುದದ ಹತ್ತಿರ ಜೋಡಿಸುತ್ತಾರೆ. 1948ರಲ್ಲಿ ಅಮೆರಿಕದ ಸರ್ಜನ್ ಸ್ವೆನ್ಸನ್ ಶುರುಮಾಡಿದ ದಾರಿ ಇದು. ಈಗ ಎಷ್ಟೋ ಕೂಸುಗಳಿಗೆ ಹೊಟ್ಟೆ ಕೊಯ್ಯದೆ ಗುದದ ಮೂಲಕವೇ ಮಾಡುತ್ತಾರೆ. ಕರುಳು ತುಂಬಾ ಉಬ್ಬಿದ್ದರೆ, ಸೋಂಕಿದ್ದರೆ ಮೊದಲು ಹೊಟ್ಟೆಯ ಮೇಲೆ ಸ್ಟೋಮಾ (ಮಲ ಹೋಗಲು ಕರುಳನ್ನು ಹೊರತಂದು ಮಾಡಿದ ಬಾಯಿ) ಮಾಡಿ, ಕೆಲವು ತಿಂಗಳ ನಂತರ ಉಳಿದದ್ದು. ಸ್ಟೋಮಾ ನೋಡಿ ತಾಯಂದಿರು ಅಳುತ್ತಾರೆ. ಅದು ಕೆಂಪಗೆ, ಒದ್ದೆಯಾಗಿ ಇದ್ದರೆ ಚೆನ್ನಾಗಿದೆ ಅಂತ ಅರ್ಥ. ಕಪ್ಪಾದರೆ ಆ ಕ್ಷಣವೇ ಹೇಳಿ.

ಮನೆಗೆ ಬಂದ ಮೇಲೆ ದಿನಕ್ಕೆ ಹಲವು ಸಲ ಮಲ ಹೋಗಿ ಚರ್ಮ ಸುಲಿಯುತ್ತದೆ. ಉಜ್ಜಬೇಡಿ, ನೀರಲ್ಲಿ ತೊಳೆದು ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಮುಲಾಮು ದಪ್ಪಗೆ ಹಚ್ಚಿ. ಆದರೆ ಜ್ವರ, ಬಿಗಿದ ಹೊಟ್ಟೆ, ಕೆಟ್ಟ ವಾಸನೆಯ ನೀರು ಭೇದಿ, ಮಂಕು ಕಂಡರೆ ಅದು ಸಾದಾ ಭೇದಿ ಅಲ್ಲ. ಕರುಳಿನ ಸೋಂಕು, ಜೀವಕ್ಕೇ ಅಪಾಯ. ಆಪರೇಷನ್ ಆಗಿ ವರ್ಷವಾದ ಮೇಲೂ ಬರಬಹುದು. ಮಧ್ಯರಾತ್ರಿಯಾದರೂ 108ಕ್ಕೆ ಫೋನ್ ಮಾಡಿ, ಡಿಸ್ಚಾರ್ಜ್ ಕಾರ್ಡ್ ತೋರಿಸಿ, "ಹಿರ್ಷ್‌ಸ್ಪ್ರಂಗ್ ಆಪರೇಷನ್ ಆಗಿದೆ" ಅಂತ ಮೊದಲ ಮಾತಲ್ಲೇ ಹೇಳಿ.