ಹೈಬ್ರಿಡ್ ಕ್ಲಬ್ಬಿನಿಂದ ಹೊಡೆಯುವುದು ಹೇಗೆ?

ಬೆಂಗಳೂರಿನಲ್ಲಿ ಗಾಲ್ಫ್ ಹೊಡೆತಗಳನ್ನು ಅಭ್ಯಾಸ ಮಾಡುವ ಯಾವ ಡ್ರೈವಿಂಗ್ ರೇಂಜಿಗೆ ಹೋದರೂ ಈ ದೃಶ್ಯ ತಪ್ಪುವುದಿಲ್ಲ. ದೂರದ ಹೊಡೆತಕ್ಕೆ ಬಳಸುವ, ತೆಳ್ಳನೆಯ ತಲೆಯ ಲಾಂಗ್ ಐರನ್ ಕ್ಲಬ್ಬುಗಳ (ಗಾಲ್ಫ್ ಕೋಲುಗಳ) ಜೊತೆ ವರ್ಷಗಟ್ಟಲೆ ಹೆಣಗಿ ಸೋತವರು ಅವುಗಳ ಬದಲು ಹೊಸದಾಗಿ ಹೈಬ್ರಿಡ್ ಕೊಂಡಿರುತ್ತಾರೆ; ಅದು ಐರನ್ ಮತ್ತು ವುಡ್‌ಗಳ ನಡುವಿನ ಬಗೆಯ ಕ್ಲಬ್ಬು. ಮೊದಲ ಹೊಡೆತದಲ್ಲಿ ಚೆಂಡಿನ ನೆತ್ತಿಗೆ ಪೆಟ್ಟು ಬಿದ್ದು ಅದು ನೆಲದ ಮೇಲೆ ಉರುಳುತ್ತದೆ, ಎರಡನೆಯದರಲ್ಲಿ ಕ್ಲಬ್ಬು ಚೆಂಡಿಗಿಂತ ಮೊದಲೇ ನೆಲಕ್ಕೆ ಬಡಿಯುತ್ತದೆ, ಮೂರನೆಯದು ಎಡಕ್ಕೆ ಬಾಗಿ ಪಕ್ಕದ ಬಲೆ ಸೇರುತ್ತದೆ. ಆಗ ಹತ್ತಿರ ನಿಂತವರು ಕೊಡುವ ಸಲಹೆಯೂ ಒಂದೇ: ಇದು ವುಡ್ (ದಪ್ಪ ತಲೆಯ ಉದ್ದ ಕ್ಲಬ್ಬು) ಇದ್ದ ಹಾಗೆ, ಪೊರಕೆಯಿಂದ ಗುಡಿಸಿದಂತೆ ಹೊಡೆಯಿರಿ ಎಂದು. ತಪ್ಪು ಶುರುವಾಗುವುದು ಅಲ್ಲಿಂದಲೇ. ತಲೆ ದಪ್ಪಗಿರುವ ಕಾರಣಕ್ಕೆ ಹೈಬ್ರಿಡ್ ವುಡ್‌ನಂತೆ ಕಂಡರೂ, ಹೊಡೆಯುವಾಗ ಅದನ್ನು ಐರನ್ ಎಂದೇ ಭಾವಿಸಬೇಕು. ಈ ಲೇಖನವನ್ನು ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಎಡಗೈಯವರು ಎಡಬಲಗಳನ್ನು ಅದಲುಬದಲು ಮಾಡಿಕೊಳ್ಳಬೇಕು.

ಲಾಂಗ್ ಐರನ್ ಏಕೆ ಕಷ್ಟ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನದು ಸುಲಭವಾಗುತ್ತದೆ. 3 ಅಥವಾ 4 ಐರನ್‌ನ (ಸಂಖ್ಯೆ ಕಡಿಮೆಯಾದಷ್ಟೂ ದೂರ ಹೆಚ್ಚು) ತಲೆ ತೆಳ್ಳಗಿರುತ್ತದೆ, ಅದರ ಗುರುತ್ವ ಕೇಂದ್ರ ಚೆಂಡಿಗೆ ತಾಗುವ ಮುಖಕ್ಕೆ ತೀರ ಹತ್ತಿರದಲ್ಲಿರುತ್ತದೆ, ಲಾಫ್ಟ್ (ಮುಖ ಹಿಂದಕ್ಕೆ ವಾಲಿರುವ ಕೋನ) ಕೂಡ 20ರಿಂದ 24 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇಷ್ಟು ಕಡಿಮೆ ಲಾಫ್ಟ್‌ನಿಂದ ಚೆಂಡನ್ನು ಎತ್ತರಕ್ಕೆ ಕಳುಹಿಸಿ ಗ್ರೀನ್ (ರಂಧ್ರವಿರುವ ನುಣುಪು ಹುಲ್ಲಿನ ಜಾಗ) ಮೇಲೆ ನಿಲ್ಲಿಸಬೇಕಾದರೆ ಕ್ಲಬ್ಬಿನ ವೇಗ ಚೆನ್ನಾಗಿರಬೇಕು ಮತ್ತು ಪೆಟ್ಟು ಮುಖದ ನಟ್ಟನಡುವೆಯೇ ಬೀಳಬೇಕು. ವಾರಕ್ಕೊಮ್ಮೆ ಆಡುವವರಲ್ಲಿ ಬಹುತೇಕರಿಗೆ ಇವೆರಡೂ ಒಟ್ಟಿಗೆ ದಕ್ಕುವುದಿಲ್ಲ. ಹೈಬ್ರಿಡ್‌ನ ತಲೆ ಟೊಳ್ಳಾಗಿದ್ದು, ಅದರ ಭಾರವನ್ನು ಕೆಳಕ್ಕೂ ಹಿಂದಕ್ಕೂ ಸರಿಸಿರುತ್ತಾರೆ; ಆದ್ದರಿಂದ ಅದೇ ಲಾಫ್ಟ್ ಇದ್ದರೂ ಚೆಂಡು ಹೆಚ್ಚು ಎತ್ತರಕ್ಕೆ ಏರುತ್ತದೆ, ಪೆಟ್ಟು ತುಸು ಅತ್ತಿತ್ತ ಬಿದ್ದರೂ ದೂರ ತೀರ ಕಡಿಮೆಯಾಗುವುದಿಲ್ಲ.

ಹೈಬ್ರಿಡ್ ಹಿಡಿಯುವುದು ದುರ್ಬಲರ ಲಕ್ಷಣ ಎಂದು ಈಗಲೂ ಮೂಗು ಮುರಿಯುವವರು ಕ್ಲಬ್‌ಹೌಸ್‌ಗಳಲ್ಲಿ ಸಿಗುತ್ತಾರೆ. 1950ರ ಯು.ಎಸ್. ಓಪನ್‌ನಲ್ಲಿ ಅಮೆರಿಕದ ಬೆನ್ ಹೋಗನ್ ಮೆರಿಯನ್ ಮೈದಾನದ ಕೊನೆಯ ಹೋಲ್‌ನಲ್ಲಿ ಹೊಡೆದ 1 ಐರನ್ ಹೊಡೆತವನ್ನು ಅವರು ಉದಾಹರಿಸುತ್ತಾರೆ. 2009ರ ಪಿಜಿಎ ಚಾಂಪಿಯನ್‌ಶಿಪ್‌ನ ಕೊನೆಯ ಹೋಲ್‌ನಲ್ಲಿ ಕೊರಿಯಾದ ವೈ.ಇ. ಯಾಂಗ್ 200 ಗಜಕ್ಕೂ ಹೆಚ್ಚಿನ ದೂರದಿಂದ ಹೈಬ್ರಿಡ್‌ನಲ್ಲಿ ಹೊಡೆದು ಚೆಂಡನ್ನು ಧ್ವಜದ ಬಳಿ ನಿಲ್ಲಿಸಿ ಟೈಗರ್ ವುಡ್ಸ್ ಅವರನ್ನು ಸೋಲಿಸಿದ್ದನ್ನು ಅಂಥವರಿಗೆ ನೆನಪಿಸಬೇಕು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವವರೆಂದು ಹೆಸರಾದವರಲ್ಲ, ಆದರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಉಳಿದವರು ಐರನ್ ಹಿಡಿಯುವ ಕಡೆ ಹೈಬ್ರಿಡ್ ಮತ್ತು ಫೇರ್‌ವೇ ವುಡ್ (ನೆಲದ ಮೇಲಿನ ಚೆಂಡಿಗೂ ಬಳಸುವ ವುಡ್) ಹಿಡಿಯಲು ಅವರು ಹಿಂಜರಿಯುವುದಿಲ್ಲ.

ಮೊದಲ ಹೆಜ್ಜೆ: ಕ್ಲಬ್ಬಿನ ಆಯ್ಕೆ

ಕ್ಲಬ್ಬಿನ ಮೇಲೆ ಬರೆದಿರುವ ಸಂಖ್ಯೆಯನ್ನು ನಂಬಬೇಡಿ, ಲಾಫ್ಟ್ ನೋಡಿ. ಒಂದು ಕಂಪನಿಯ 4 ಹೈಬ್ರಿಡ್ ಇನ್ನೊಂದರ 3 ಹೈಬ್ರಿಡ್‌ಗೆ ಸಮವಾಗಿರುವುದು ಸಾಮಾನ್ಯ. ಇದಲ್ಲದೆ, ಹೈಬ್ರಿಡ್‌ನ ಶಾಫ್ಟ್ (ದಂಡ) ಅದೇ ಸಂಖ್ಯೆಯ ಐರನ್‌ಗಿಂತ ಸುಮಾರು ಒಂದು ಇಂಚು ಉದ್ದವಿರುವುದರಿಂದ ಅದೇ ಲಾಫ್ಟ್‌ನಲ್ಲಿ ಚೆಂಡು ಇನ್ನೂ ಮುಂದೆ ಹೋಗುತ್ತದೆ. ಆದ್ದರಿಂದ ನಿಮ್ಮ 5 ಐರನ್ ಚೆಂಡನ್ನು ಗಾಳಿಯಲ್ಲಿ ಎಷ್ಟು ಗಜ ಒಯ್ಯುತ್ತದೆ ಎಂದು ಅಳೆದು, ಅದಕ್ಕಿಂತ 10ರಿಂದ 12 ಗಜ ಮುಂದೆ ಒಯ್ಯುವ ಹೈಬ್ರಿಡ್ ಆರಿಸಿಕೊಳ್ಳಿ. ಇದೇ ಅಳತೆಯಲ್ಲಿ ನಿಮ್ಮ 4 ಐರನ್ 5 ಐರನ್‌ಗಿಂತ ಹತ್ತು ಗಜವೂ ಮುಂದೆ ಹೋಗದಿದ್ದರೆ ಅದನ್ನು ಇಂದೇ ಬ್ಯಾಗ್‌ನಿಂದ ತೆಗೆದಿಡಿ. ಈ ವಿಷಯದಲ್ಲಿ ಚರ್ಚೆಗೆ ಅವಕಾಶವಿಲ್ಲ. ಬ್ಯಾಗ್‌ನಲ್ಲಿ 14 ಕ್ಲಬ್ ಮೀರುವಂತಿಲ್ಲ ಎಂಬ ನಿಯಮ ಇರುವಾಗ ಒಂದೇ ದೂರಕ್ಕೆ ಎರಡು ಕ್ಲಬ್ ಹೊರುವುದು ವ್ಯರ್ಥ.

ಕೊಳ್ಳುವಾಗ ಇನ್ನೆರಡು ಎಚ್ಚರಿಕೆಗಳಿವೆ. ಅಂತರ್ಜಾಲದಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಹೊಚ್ಚ ಹೊಸದೆಂದು ಮಾರುವ ಹೆಸರಾಂತ ಕಂಪನಿಗಳ ಕ್ಲಬ್ಬುಗಳಲ್ಲಿ ನಕಲಿ ಮಾಲು ಧಾರಾಳವಾಗಿದೆ. ಅದರ ಬದಲು ನಾಲ್ಕೈದು ವರ್ಷ ಹಳೆಯದಾದ ಅಸಲಿ ಕ್ಲಬ್ಬನ್ನು ಪರಿಚಿತರಿಂದಲೋ ಪ್ರೊ ಶಾಪ್‌ನಿಂದಲೋ ಕೊಳ್ಳುವುದೇ ಜಾಣತನ. ಎರಡನೆಯದಾಗಿ, ಉಕ್ಕಿನ ಶಾಫ್ಟ್‌ನ ಭಾರದ ಐರನ್‌ಗಳ ಪಕ್ಕದಲ್ಲಿ ತೀರ ಹಗುರವಾದ ಗ್ರಾಫೈಟ್ ಶಾಫ್ಟ್‌ನ ಹೈಬ್ರಿಡ್ ಇಟ್ಟುಕೊಂಡರೆ ಸ್ವಿಂಗ್‌ನ ಲಯವೇ ಬದಲಾಗಿ ಚೆಂಡು ಎಡಕ್ಕೆ ಹೋಗುತ್ತದೆ. ಇನ್ನು ಕತ್ತಿನ ಸ್ಕ್ರೂ ತಿರುಗಿಸಿ ಲಾಫ್ಟ್ ಹೆಚ್ಚಿಸುವ ಕ್ಲಬ್ಬುಗಳು: ಲಾಫ್ಟ್ ಹೆಚ್ಚಿಸಿದಂತೆ ಅವುಗಳ ಮುಖವೂ ಎಡಕ್ಕೆ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಮಾರುವವರು ಹೇಳುವುದು ಅಪರೂಪ.

ಎರಡನೆಯ ಹೆಜ್ಜೆ: ನಿಲುವು

ಚೆಂಡು ಎರಡು ಪಾದಗಳ ನಡುಭಾಗಕ್ಕಿಂತ ಒಂದು ಚೆಂಡಿನಷ್ಟು ಎಡಕ್ಕಿರಲಿ, ಕೈಗಳು ಚೆಂಡಿಗಿಂತ ಸ್ವಲ್ಪವೇ ಮುಂದಿರಲಿ, ದೇಹದ ಭಾರ ಎರಡೂ ಕಾಲುಗಳ ಮೇಲೆ ಸಮನಾಗಿರಲಿ.

ಮೂರನೆಯ ಹೆಜ್ಜೆ: ಪೆಟ್ಟು

ಎಲ್ಲರೂ ಎಡವುವುದು ಇಲ್ಲಿ. ಸ್ವಿಂಗ್ ಮಾಡುವಾಗ ಕ್ಲಬ್ಬಿನ ತಲೆ ಒಂದು ವೃತ್ತಖಂಡದಲ್ಲಿ ಚಲಿಸುತ್ತದೆ. ಆ ಹಾದಿಯ ಅತ್ಯಂತ ಕೆಳಗಿನ ಬಿಂದು ಎಲ್ಲಿ ಬೀಳುತ್ತದೆ ಎಂಬುದೇ ಹೊಡೆತದ ಹಣೆಬರಹವನ್ನು ನಿರ್ಧರಿಸುತ್ತದೆ. ಆ ಬಿಂದು ಚೆಂಡಿಗಿಂತ ಎರಡು ಮೂರು ಇಂಚು ಮುಂದೆ, ಎಂದರೆ ಗುರಿಯ ಕಡೆಗೆ ಇದ್ದರೆ ಕ್ಲಬ್ಬು ಇನ್ನೂ ಕೆಳಗೆ ಇಳಿಯುತ್ತಿರುವಾಗಲೇ ಚೆಂಡನ್ನು ತಾಗಿ, ಆಮೇಲೆ ಹುಲ್ಲನ್ನು ಮುಟ್ಟುತ್ತದೆ. ಗುಡಿಸಲು ಹೊರಟವರು ಚೆಂಡನ್ನು ಮೇಲಕ್ಕೆತ್ತುವ ಆಸೆಯಿಂದ ಭಾರವನ್ನು ಬಲಗಾಲಿನ ಮೇಲೆಯೇ ಉಳಿಸಿಕೊಂಡು ಮಣಿಕಟ್ಟನ್ನು ಮುಂದಕ್ಕೆ ಚಿಮ್ಮಿಸುತ್ತಾರೆ; ಆಗ ಕೆಳಗಿನ ಬಿಂದು ಚೆಂಡಿನ ಹಿಂದಕ್ಕೆ ಸರಿದು, ಕ್ಲಬ್ಬು ಮೊದಲು ನೆಲಕ್ಕೆ ಬಡಿಯುತ್ತದೆ ಅಥವಾ ಮೇಲೇರುತ್ತಾ ಚೆಂಡಿನ ನೆತ್ತಿಗೆ ತಾಗುತ್ತದೆ. ಒಂದೇ ದಿನ ಒಂದೇ ಆಟಗಾರರು ಎರಡೂ ಬಗೆಯಲ್ಲಿ ಕೆಡಿಸುವುದು ಇದರಿಂದಲೇ. ಚೆಂಡನ್ನು ಎತ್ತುವ ಕೆಲಸವನ್ನು ಲಾಫ್ಟ್‌ಗೂ ಹಿಂದೆ ಕುಳಿತಿರುವ ಭಾರಕ್ಕೂ ಬಿಟ್ಟುಬಿಡಬೇಕು. ಅಮೆರಿಕದ ಪಿಜಿಎ ಟೂರ್ ಆಟಗಾರರ ಹೈಬ್ರಿಡ್ ಚೆಂಡನ್ನು ಮುಟ್ಟುವುದು ಸುಮಾರು 3 ಡಿಗ್ರಿ ಕೆಳಮುಖವಾಗಿ. ಅವರ ಲಾಂಗ್ ಐರನ್‌ಗಳ ಕೋನವೂ ಹೆಚ್ಚುಕಡಿಮೆ ಅಷ್ಟೇ.

ಕೆಳಮುಖ ಎಂದಾಕ್ಷಣ ಕೊಡಲಿಯಿಂದ ಕಡಿಯುವವರೂ ಇದ್ದಾರೆ. ಹಾಗೆ ಮಾಡಬೇಕಿಲ್ಲ. 8 ಐರನ್‌ನಲ್ಲಿ ಕೈಯಗಲದ ಮಣ್ಣು ಎದ್ದು ಬರಬಹುದು, ಹೈಬ್ರಿಡ್‌ನಲ್ಲಿ ಚೆಂಡಿದ್ದ ಜಾಗದ ಮುಂದೆ ಹುಲ್ಲಿನ ತುದಿ ಸವರಿಹೋದ ಗುರುತು ಕಂಡರೆ ಸಾಕು.

ಇದನ್ನು ಅಭ್ಯಾಸ ಮಾಡಲು ರೇಂಜ್‌ನ ಹಸಿರು ಮ್ಯಾಟ್‌ಗಿಂತ ಕೆಟ್ಟ ಗುರು ಇನ್ನೊಂದಿಲ್ಲ. ಹೈಬ್ರಿಡ್‌ನ ಅಗಲವಾದ ತಳ ಮ್ಯಾಟ್ ಮೇಲೆ ಚೆಂಡಿಗಿಂತ ಮೂರು ಇಂಚು ಹಿಂದೆ ಬಡಿದರೂ ಜಾರಿಕೊಂಡು ಹೋಗಿ ಚೆಂಡನ್ನು ಸೇರುತ್ತದೆ, ಚೆಂಡು ಚೆನ್ನಾಗಿಯೇ ಹಾರುತ್ತದೆ, ಹೊಡೆದವರು ಬೀಗುತ್ತಾರೆ. ಅದೇ ಹೊಡೆತ ಮಳೆಗಾಲದ ಮೆತ್ತನೆಯ ಫೇರ್‌ವೇಯಲ್ಲಿ (ಗ್ರೀನ್‌ವರೆಗಿನ ಗಿಡ್ಡ ಹುಲ್ಲಿನ ಹಾದಿ) ಮಣ್ಣಿನಲ್ಲಿ ಹೂತುಹೋಗುತ್ತದೆ. ಏಪ್ರಿಲ್‌ನ ಒಣನೆಲದಲ್ಲಾದರೆ ತಳ ಪುಟಿದು ಚೆಂಡಿನ ನೆತ್ತಿಗೆ ತಾಗುತ್ತದೆ. ಹುಲ್ಲಿನ ಮೇಲೆ ಹೊಡೆಯಲು ಅವಕಾಶ ಸಿಗುವ ಕಡೆ ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಎಳೆದು, ಚೆಂಡಿಲ್ಲದೆ ಆ ಗೆರೆಯ ಮೇಲೆ ಸ್ವಿಂಗ್ ಮಾಡಿ. ಹುಲ್ಲು ಸವೆದ ಗುರುತು ಪ್ರತಿ ಸಲವೂ ಗೆರೆಯ ಗುರಿಯ ಬದಿಯಲ್ಲೇ ಬೀಳುವವರೆಗೆ ಚೆಂಡನ್ನು ಮುಟ್ಟಬೇಡಿ. ಮ್ಯಾಟ್ ಬಿಟ್ಟರೆ ಗತಿಯಿಲ್ಲ ಎನ್ನುವವರು ಚೆಂಡಿನ ಹಿಂದೆ ಐದಾರು ಇಂಚು ದೂರದಲ್ಲಿ ಮಡಚಿದ ಟವೆಲ್ ಇಡಲಿ; ಕ್ಲಬ್ಬು ಟವೆಲ್‌ಗೆ ತಾಗಿದರೆ ಆ ಹೊಡೆತ ಎಷ್ಟೇ ದೂರ ಹೋಗಿದ್ದರೂ ಅದನ್ನು ತಪ್ಪೆಂದೇ ಎಣಿಸಬೇಕು.

ಆಮೇಲೆ ಟೀ (ಚೆಂಡನ್ನಿಡಲು ನೆಲಕ್ಕೆ ಚುಚ್ಚುವ ಪುಟ್ಟ ಕಡ್ಡಿ) ಬಳಸಿ. ಚೆಂಡನ್ನು ನೆಲದಿಂದ ಅರ್ಧ ಇಂಚು ಎತ್ತರದ ಟೀ ಮೇಲಿಟ್ಟು ಚೆಂಡಿನ ಜೊತೆಗೆ ಟೀಯನ್ನೂ ಕತ್ತರಿಸುವಂತೆ ಹೊಡೆಯಿರಿ. ಅದು ಹದಕ್ಕೆ ಬಂದ ಮೇಲೆ ಟೀಯನ್ನು ಇಷ್ಟಿಷ್ಟೇ ಒಳಗೆ ಒತ್ತುತ್ತಾ ಬಂದು, ಕೊನೆಗೆ ಅದರ ತಲೆ ಹುಲ್ಲಿನ ಮಟ್ಟಕ್ಕೆ ಇಳಿದಾಗಲೂ ಅದೇ ಶಬ್ದ, ಅದೇ ಸ್ಪರ್ಶ ಸಿಗಬೇಕು. ಇದಕ್ಕೆ ಪೂರ್ಣ ಬಲ ಬೇಡ, ಮುಕ್ಕಾಲು ಸ್ವಿಂಗ್ ಸಾಕು. ಸ್ವಿಂಗ್ ಮುಗಿದಾಗ ಬಲಪಾದದ ಹಿಮ್ಮಡಿ ಮೇಲೆದ್ದು ದೇಹದ ಭಾರವೆಲ್ಲ ಎಡಗಾಲಿನ ಮೇಲಿದೆಯೇ ಎಂದು ಪ್ರತಿ ಸಲ ನಿಂತು ನೋಡಿಕೊಳ್ಳಿ. ಹಿಮ್ಮಡಿ ನೆಲದಲ್ಲೇ ಉಳಿದಿದ್ದರೆ ನೀವು ಮತ್ತೆ ಗುಡಿಸಿದ್ದೀರಿ.

ಎಡಕ್ಕೆ ಬಾಗುವ ಚಾಳಿ ಇನ್ನೂ ಉಳಿದರೆ ಹಿಡಿತವನ್ನು ಒಂದು ಇಂಚು ಕೆಳಕ್ಕೆ ತನ್ನಿ, ಚೆಂಡು ಎಡಕ್ಕೆ ತೀರ ಮುಂದೆ ಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಮುಖವನ್ನು ಬಲಕ್ಕೆ ತೆರೆದಿಟ್ಟು ಸರಿದೂಗಿಸುವ ಅಡ್ಡದಾರಿ ಬೇಡ. ಅದರಿಂದ ಎಡದ ತಪ್ಪಿನ ಜೊತೆಗೆ ಬಲದ ತಪ್ಪೂ ಸೇರಿಕೊಳ್ಳುತ್ತದೆ.

ನಾಲ್ಕನೆಯ ಹೆಜ್ಜೆ: ರಫ್‌ನಿಂದ

ಫೇರ್‌ವೇ ಪಕ್ಕದ ಉದ್ದ ಹುಲ್ಲಿನಲ್ಲಿ, ಎಂದರೆ ರಫ್‌ನಲ್ಲಿ ಮಾತ್ರ ಮುಖವನ್ನು ತುಸು ತೆರೆದಿಡಬಹುದು. ಹುಲ್ಲು ಕ್ಲಬ್ಬಿನ ಕತ್ತಿಗೆ ಸುತ್ತಿಕೊಂಡು ಮುಖವನ್ನು ಎಡಕ್ಕೆ ತಿರುಗಿಸುತ್ತದೆ. ಲಾಂಗ್ ಐರನ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಚೆಂಡನ್ನು ಅರ್ಧ ಚೆಂಡಿನಷ್ಟು ಹಿಂದಕ್ಕೆ ತಂದು, ಹಿಡಿತ ಸ್ವಲ್ಪ ಬಿಗಿ ಮಾಡಿ, ಕ್ಲಬ್ಬನ್ನು ತುಸು ಕಡಿದಾಗಿ ಇಳಿಸಿ. ಚೆಂಡಿನ ಅರ್ಧಕ್ಕಿಂತ ಹೆಚ್ಚು ಭಾಗ ಹುಲ್ಲಿನಲ್ಲಿ ಮುಳುಗಿದ್ದರೆ ಹೈಬ್ರಿಡ್ ಕೂಡ ಬೇಡ, 9 ಐರನ್ ಹಿಡಿದು ಫೇರ್‌ವೇಗೆ ಮರಳಿ.

ಲಾಂಗ್ ಐರನ್ ಬಿಡಲಾರೆ ಎನ್ನುವವರಿಗೆ

ಎದುರು ಗಾಳಿಯಲ್ಲಿ ಅಥವಾ ಮರದ ಕೊಂಬೆಗಳ ಕೆಳಗೆ ತಗ್ಗಾಗಿ ಹೊಡೆಯಬೇಕಾದಾಗ ಲಾಂಗ್ ಐರನ್ ಉಪಯುಕ್ತ ಎಂಬುದು ನಿಜ. ಅದಕ್ಕಾಗಿ 4 ಐರನ್ ಒಂದನ್ನೇ ಉಳಿಸಿಕೊಳ್ಳಿ, ಮೇಲೆ ಹೇಳಿದ ಗೆರೆ ಮತ್ತು ಟೀ ಅಭ್ಯಾಸಗಳನ್ನೇ ಅದಕ್ಕೂ ಬಳಸಿ. ಪಾರ್ 3 ಹೋಲ್‌ಗಳಲ್ಲಿ (ಮೂರು ಹೊಡೆತಗಳಲ್ಲಿ ಮುಗಿಸಬೇಕಾದವು) ಚೆಂಡನ್ನು ಕಾಲು ಇಂಚು ಎತ್ತರದ ಟೀ ಮೇಲಿಟ್ಟೇ ಹೊಡೆಯಿರಿ. ನಿಯಮ ಕೊಟ್ಟಿರುವ ಸೌಲಭ್ಯವನ್ನು ಪ್ರತಿಷ್ಠೆಗಾಗಿ ಬಿಟ್ಟುಕೊಡುವುದರಲ್ಲಿ ಅರ್ಥವಿಲ್ಲ. 3 ಐರನ್ ವಿಷಯಕ್ಕೆ ಹವ್ಯಾಸಿಗಳು ಹೋಗದಿರುವುದೇ ಲೇಸು.

ಗ್ರೀನ್‌ನ ಅಂಚಿನಲ್ಲಿ

ಹೈಬ್ರಿಡ್‌ಗೆ ಇನ್ನೊಂದು ಉಪಯೋಗವಿದೆ, ಅದನ್ನು ನಮ್ಮಲ್ಲಿ ಬಳಸುವವರು ಕಡಿಮೆ. 2004ರ ಬ್ರಿಟಿಷ್ ಓಪನ್‌ನಲ್ಲಿ ರಾಯಲ್ ಟ್ರೂನ್ ಮೈದಾನದ ಗ್ರೀನ್‌ಗಳ ಸುತ್ತ ಟಾಡ್ ಹ್ಯಾಮಿಲ್ಟನ್ ಹೈಬ್ರಿಡ್‌ನಿಂದಲೇ ಚಿಪ್ ಮಾಡಿದರು (ರಂಧ್ರದ ಕಡೆಗೆ ಚಿಕ್ಕ ಹೊಡೆತ ಹೊಡೆದರು), ಪ್ಲೇಆಫ್‌ನ ಕೊನೆಯ ಹೋಲ್‌ನಲ್ಲಿ ಹಾಗೆಯೇ ಚೆಂಡನ್ನು ರಂಧ್ರದ ಸಮೀಪಕ್ಕೆ ಕಳುಹಿಸಿ ಅರ್ನಿ ಎಲ್ಸ್ ಅವರನ್ನು ಸೋಲಿಸಿದರು. ಬೇಸಿಗೆಯಲ್ಲಿ ಗ್ರೀನ್‌ನ ಹೊರಗಿನ ನೆಲ ಗಟ್ಟಿಯಾಗಿ ವೆಜ್ (ಚಿಕ್ಕ ಹೊಡೆತದ ಕ್ಲಬ್ಬು) ಪುಟಿಯುವ ನಮ್ಮ ಮೈದಾನಗಳಿಗೆ ಇದು ಹೇಳಿ ಮಾಡಿಸಿದ ಹೊಡೆತ. ಕ್ಲಬ್ಬನ್ನು ಹಿಡಿಕೆಯ ಕೆಳತುದಿಯ ಹತ್ತಿರ ಹಿಡಿದು, ಚೆಂಡಿನ ಸಮೀಪಕ್ಕೆ ಬಂದು ನಿಂತು, ಮಣಿಕಟ್ಟು ಬಾಗಿಸದೆ ಪಟರ್‌ನಲ್ಲಿ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್ಬು) ಹೊಡೆದಂತೆಯೇ ಹೊಡೆಯಬೇಕು. ಚೆಂಡು ಮೊದಲು ಅಂಚಿನ ಹುಲ್ಲಿನ ಮೇಲೆ ತುಸು ಹಾರಿ, ಆಮೇಲೆ ಉರುಳುತ್ತದೆ. ಪಟರ್‌ಗಿಂತ ಹೈಬ್ರಿಡ್‌ನ ಮುಖದಿಂದ ಚೆಂಡು ವೇಗವಾಗಿ ಚಿಮ್ಮುವುದರಿಂದ, ಅದೇ ದೂರಕ್ಕೆ ಪಟರ್‌ನಲ್ಲಿ ಬಳಸುವುದಕ್ಕಿಂತ ಚಿಕ್ಕ ಸ್ವಿಂಗ್ ಸಾಕಾಗುತ್ತದೆ.